ನಮಗೆ ಶಿವರಾತ್ರಿ, ಇವರಿಗೆ ವೈನಾಖ್ಟನ್

ಅಕ್ಟೋಬರಿನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದಿಳಿದ ನೀವು ಕೇಳಿರುವುದು ಇಷ್ಟು: ಊರೆಲ್ಲ ದೀಪ ಕಟ್ಟುತ್ತಿದ್ದಾರೆ, ಆಫೀಸಿನಲ್ಲಿ ‘ವಿಹ್ಟೆಲ್ನ್’ ಅಂತ ಚೀಟಿ ಎತ್ತಿಸಿದ್ದಾರೆ, ಒಂದನೇ ಕ್ಲಾಸಿನ ಮಗಳು ನಮ್ಮ ಮನೆಗೂ ನಿಕೊಲೌಸ್ ಬರುತ್ತಾನಾ ಅನ್ನುತ್ತಿದ್ದಾಳೆ. ನಾವು ಕ್ರೈಸ್ತರಲ್ಲ, ಇದರಲ್ಲಿ ಎಷ್ಟು ಸೇರಬೇಕು, ಎಷ್ಟು ದೂರ ನಿಲ್ಲಬೇಕು? ಕ್ರಿಸ್ಮಸ್ಸಿಗೆ ಇವರು ವೈನಾಖ್ಟನ್ ಅನ್ನುವುದಾದರೂ ಯಾಕೆ?

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಹೆಸರು ಅರ್ಥವಾದರೆ ಮುಕ್ಕಾಲು ಪಾಲು ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ನಾವು ಇಂಗ್ಲಿಷಿನಿಂದ ತಂದುಕೊಂಡ ‘ಕ್ರಿಸ್ಮಸ್’ ಅಂದರೆ ಕ್ರಿಸ್ತನ ಮಾಸ್, ನಮ್ಮ ಕ್ಯಾಥೊಲಿಕರು ಬಲಿಪೂಜೆ ಅನ್ನುತ್ತಾರಲ್ಲ, ಅದು. ಹೆಸರಿನಲ್ಲಿರುವುದು ಚರ್ಚಿನ ಒಂದು ಆರಾಧನೆ. ಮಂಗಳೂರಿನ ಕೊಂಕಣಿ ಕ್ರೈಸ್ತರ ‘ನತಾಲಾಂ’ ಪೋರ್ಚುಗೀಸಿನ ನತಾಲ್‌ನಿಂದ ಬಂದದ್ದು, ಅದರಲ್ಲಿರುವುದು ಹುಟ್ಟು. ಕನ್ನಡದ ‘ಕ್ರಿಸ್ತ ಜಯಂತಿ’ಯೂ ಹುಟ್ಟನ್ನೇ ಹೇಳುತ್ತದೆ, ಬಸವ ಜಯಂತಿ, ಕನಕ ಜಯಂತಿಗಳ ಸಾಲಿನಲ್ಲಿ ಕೂರುತ್ತದೆ. ಕ್ರಿಸ್ತ ಅನ್ನುವುದು ಅಂಕಿತನಾಮವೂ ಅಲ್ಲ, ಗ್ರೀಕಿನ ಬಿರುದು, ಅಭಿಷಿಕ್ತ ಎಂದರ್ಥ. ಜರ್ಮನ್ನರ ಹೆಸರಿನಲ್ಲಿ ಮಾತ್ರ ಕ್ರಿಸ್ತನೂ ಇಲ್ಲ, ಹುಟ್ಟೂ ಇಲ್ಲ, ಪೂಜೆಯೂ ಇಲ್ಲ. ಇರುವುದು ರಾತ್ರಿ. ‘ವೈಹ್’ ಅಂದರೆ ಪವಿತ್ರ. ಧೂಪಕ್ಕೆ ವೈರೌಖ್, ಅಂದರೆ ಪವಿತ್ರ ಹೊಗೆ. ಚರ್ಚಿನ ತೀರ್ಥಕ್ಕೆ ವೈವಾಸರ್. ಅಲ್ಲೆಲ್ಲ ಇದೇ ‘ವೈ’. ‘ನಾಖ್ಟ್’ ರಾತ್ರಿ. ಮಧ್ಯಕಾಲದ ಜರ್ಮನ್ನಿನಲ್ಲಿ ‘ತ್ಸೆ ದೆನ್ ವೀಹೆನ್ ನಾಹ್ಟೆನ್’ ಎನ್ನುತ್ತಿದ್ದರು: ಪವಿತ್ರ ರಾತ್ರಿಗಳಲ್ಲಿ. ಆ ‘ಗಳಲ್ಲಿ’ ಸಮೇತ, ವಿಭಕ್ತಿಯೊಂದಿಗೇ ಮಾತು ಹೆಪ್ಪುಗಟ್ಟಿ ಹಬ್ಬದ ಹೆಸರಾಯಿತು. ‘ಫ್ರೋಹೆ ವೈನಾಖ್ಟನ್’ ಎಂದು ಹಾರೈಸುವಾಗ ವಿಶೇಷಣ ಇವತ್ತಿಗೂ ಬಹುವಚನದ ರೂಪದಲ್ಲೇ ಇರುತ್ತದೆ. ಜರ್ಮನ್ ಕುಲಗಳು ಹಗಲನ್ನಲ್ಲ, ರಾತ್ರಿಗಳನ್ನು ಎಣಿಸುತ್ತವೆ ಎಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಮೊದಲನೇ ಶತಮಾನದಲ್ಲೇ ಬರೆದಿದ್ದ.

ಹಬ್ಬವನ್ನು ರಾತ್ರಿಯಿಂದ ಕರೆಯುವುದು ಶಿವರಾತ್ರಿ, ನವರಾತ್ರಿಗಳ ನಾಡಿನಿಂದ ಬಂದ ನಮಗೆ ಹೊಸದಲ್ಲ. ವೈನಾಖ್ಟನ್ನನ್ನು ನಮ್ಮ ಕ್ರಿಸ್ಮಸ್ ಪದದಿಂದ ಅಳೆಯುವುದಕ್ಕಿಂತ ಶಿವರಾತ್ರಿಯಿಂದ ಅಳೆದರೆ ಹೆಚ್ಚು ಸರಿಯಾಗಿ ಕೂರುತ್ತದೆ. ಇದು ಕತ್ತಲಾದ ಮೇಲೆ ಬಾಗಿಲು ಹಾಕಿಕೊಂಡು, ಮನೆಯವರಷ್ಟೇ ಕೂತು, ಎಚ್ಚರವಾಗಿರುವ ಹಬ್ಬ.

ಆದ್ದರಿಂದಲೇ ಹಬ್ಬದ ನಡು 25ರ ಹಗಲಲ್ಲ, 24ರ ಸಂಜೆ. ಅದಕ್ಕೆ ‘ಹೈಲಿಗಾಬೆಂಡ್’ ಎನ್ನುತ್ತಾರೆ, ಪವಿತ್ರ ಸಂಜೆ. ನಮ್ಮ ಪಂಚಾಂಗದ ದಿನ ಸೂರ್ಯೋದಯಕ್ಕೆ ಹುಟ್ಟಿದರೆ ಚರ್ಚಿನ ಹಬ್ಬದ ದಿನ ಹಿಂದಿನ ಸೂರ್ಯಾಸ್ತಕ್ಕೆ ಹುಟ್ಟುತ್ತದೆ. ಸ್ಟುಟ್‌ಗಾರ್ಟಿನಲ್ಲಿ ಅವತ್ತು ನಾಲ್ಕೂವರೆಯ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಮಧ್ಯಾಹ್ನ ಮರ ಸಿಂಗರಿಸುತ್ತಾರೆ, ಇಳಿಹೊತ್ತಿಗೆ ಕೆಲವರು ಚರ್ಚಿಗೆ ಹೋಗಿ ಬರುತ್ತಾರೆ, ಕತ್ತಲಾದ ಮೇಲೆ ಚಿಕ್ಕ ಗಂಟೆ ಬಾರಿಸಿ ಕೋಣೆಯ ಬಾಗಿಲು ತೆರೆದು ಮಕ್ಕಳಿಗೆ ಉಡುಗೊರೆ ತೋರಿಸುತ್ತಾರೆ. ಅದೇ ‘ಬೆಶೇರುಂಗ್’. ಊಟ ತೀರ ಸರಳ, ಬಹಳ ಮನೆಗಳಲ್ಲಿ ಆಲೂಗಡ್ಡೆ ಸಲಾಡ್ ಮತ್ತು ಸಾಸೇಜ್. ಬಾತುಕೋಳಿಯಂಥ ದೊಡ್ಡ ಅಡುಗೆ 25ಕ್ಕೆ. 26 ನೆಂಟರ ಮನೆಗೆ ಹೋಗುವ ದಿನ. ಈ ಎರಡು ದಿನ ದೇಶಕ್ಕೆಲ್ಲ ಸರ್ಕಾರಿ ರಜೆ; 24 ಮತ್ತು 31 ಕಾನೂನಿನಲ್ಲಿ ರಜೆಯಲ್ಲ. ನಿಮ್ಮ ಕಂಪನಿ ಆ ಎರಡು ದಿನವನ್ನು ಹೇಗೆ ಎಣಿಸುತ್ತದೆ, ಇಡೀ ರಜೆಯೋ, ಅರ್ಧವೋ, ನಿಮ್ಮ ಲೆಕ್ಕದಿಂದ ಕಳೆಯುತ್ತದೋ ಎಂದು ನವೆಂಬರಿನಲ್ಲೇ ಕೇಳಿಕೊಳ್ಳಿ. ನವೆಂಬರ್ ಸಂಬಳದೊಂದಿಗೆ ‘ವೈನಾಖ್ಟ್ಸ್‌ಗೆಲ್ಡ್’, ಅಂದರೆ ಹಬ್ಬದ ಬೋನಸ್, ಬಂದರೆ ಅದರಲ್ಲಿ ತೆರಿಗೆ ಎಂದಿಗಿಂತ ಹೆಚ್ಚು ಕಡಿದ ಹಾಗೆ ಕಾಣುತ್ತದೆ. ತಪ್ಪಾಗಿಲ್ಲ, ಒಮ್ಮೆ ಬರುವ ಹಣಕ್ಕೆ ಹಾಗೆಯೇ ಲೆಕ್ಕ. ಅದು ಬರಲೇಬೇಕೆಂಬ ಕಾನೂನಿಲ್ಲ; ಕರಾರಿನಲ್ಲೋ ಕಾರ್ಮಿಕ ಒಪ್ಪಂದದಲ್ಲೋ ಇದ್ದರಷ್ಟೇ ಬರುತ್ತದೆ.

ಹೊಸಬರಿಗೆ ಹೆಚ್ಚು ನೋವಾಗುವುದು ಎಲ್ಲಿ ಎಂದರೆ, ಈ 24ರ ಸಂಜೆಯಲ್ಲೇ. ನಾಲ್ಕು ವಾರ ಊರು ದೀಪ, ಸಂತೆ, ಹಾಡು ಅಂತ ಜಾತ್ರೆಯಾಗಿರುತ್ತದೆ. ಹಬ್ಬದ ದಿನ ಇನ್ನೂ ದೊಡ್ಡದಾಗಿರಬೇಕು ಎಂದುಕೊಂಡು ಹೊರಗೆ ಬಂದರೆ ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಡಿಸೆಂಬರ್ ತುಂಬ ನಕ್ಕು ಮಾತಾಡಿದ ಪಕ್ಕದ ಮನೆಯವರು ಕರೆಯಲಿಲ್ಲ. ನಾವು ಬೆಳೆದದ್ದು ಬೇರೆ ಲೆಕ್ಕದಲ್ಲಿ: ವರಮಹಾಲಕ್ಷ್ಮಿಗೆ ಅರಿಶಿನ ಕುಂಕುಮಕ್ಕೆ ಕರೆಯದಿದ್ದರೆ ಅದೊಂದು ಮಾತೇ ಆಗುತ್ತದೆ, ಗಣಪತಿ ನೋಡಲು ಬಂದ ಅಪರಿಚಿತನಿಗೂ ಪ್ರಸಾದವಿದೆ. ನಮ್ಮ ಹಬ್ಬದ ಬಾಗಿಲು ತೆರೆದಿರುತ್ತದೆ, ಇವರ ಹಬ್ಬದ ಬಾಗಿಲು ಮುಚ್ಚಿರುತ್ತದೆ. ಅದು ನಿಮ್ಮ ಮುಖಕ್ಕೆ ಮುಚ್ಚಿದ್ದಲ್ಲ. ಇವರ ಸ್ವಂತ ದೊಡ್ಡಪ್ಪ ಚಿಕ್ಕಪ್ಪಂದಿರು ಕೂಡ ಬರುವುದು 25ಕ್ಕೆ ಇಲ್ಲವೇ 26ಕ್ಕೆ. ಕರೆಯದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಯಾರಾದರೂ 24ರ ಸಂಜೆಗೇ ಕರೆದರೆ ಅದು ತುಂಬ ದೊಡ್ಡ ಮಾತು, ಬೇರೆ ಏನಿದ್ದರೂ ಬಿಟ್ಟು ಹೋಗಿ.

ಅವತ್ತು ಸಂಜೆ ನಿಜವಾಗಿ ತೆರೆದಿರುವ ಬಾಗಿಲು ಚರ್ಚಿನದು. ಮಕ್ಕಳ ನಾಟಕವಿರುವ ಆರಾಧನೆ ಮಧ್ಯಾಹ್ನ ಮೂರರಿಂದ ಐದರೊಳಗೆ, ದೊಡ್ಡವರದು ಅದರ ನಂತರ, ‘ಕ್ರಿಸ್ಟ್‌ಮೆಟ್ಟೆ’ ಎಂಬ ರಾತ್ರಿಯ ಆರಾಧನೆ ಹತ್ತರ ಮೇಲೆ. ಯಾರೂ ಧರ್ಮ ಕೇಳುವುದಿಲ್ಲ, ಟಿಕೆಟ್ ಇಲ್ಲ. ವರ್ಷವೆಲ್ಲ ಖಾಲಿಯಿರುವ ಚರ್ಚು ಅವತ್ತು ತುಂಬುತ್ತದೆ. ಮಕ್ಕಳ ಆರಾಧನೆಗೆ ಮುಕ್ಕಾಲು ಗಂಟೆ ಮೊದಲೇ ಹೋದರೆ ಕೂರಲು ಜಾಗ. ಒಳಗೆ ಚಳಿಯಿರುತ್ತದೆ, ಕೋಟು ತೆಗೆಯುವುದು ಬೇಡ. ಎಲ್ಲರೂ ನಿಂತಾಗ ನಿಲ್ಲಿ, ಕೂತಾಗ ಕೂರಿ. ಪರಮಪ್ರಸಾದ, ಅಂದರೆ ಆರಾಧನೆಯಲ್ಲಿ ಕೊಡುವ ರೊಟ್ಟಿ, ಮಾತ್ರ ಅವರ ಸಂಸ್ಕಾರ, ತೆಗೆದುಕೊಳ್ಳಬೇಡಿ. ಕೂತಲ್ಲೇ ಇದ್ದರೆ ಸಾಕು. ಕ್ಯಾಥೊಲಿಕ್ ಚರ್ಚಿನಲ್ಲಿ ಎದೆಯ ಮೇಲೆ ಕೈ ಅಡ್ಡ ಮಡಿಚಿ ಮುಂದೆ ಹೋದರೆ ಬರಿಯ ಆಶೀರ್ವಾದ ಕೊಡುತ್ತಾರೆ. ಕಾಣಿಕೆಗೆ ಒಂದೆರಡು ಯೂರೋ ಚಿಲ್ಲರೆ ಇಟ್ಟುಕೊಳ್ಳಿ. ಗೋದಲಿಯಲ್ಲಿ ಮಲಗಿಸಿದ ಕೂಸನ್ನು ನೋಡಿ ಕೈಮುಗಿಯಬೇಕೆನಿಸಿದರೆ ಮುಗಿಯಿರಿ. ಅದರಿಂದ ನಿಮ್ಮ ಮನೆದೇವರಿಗೆ ಏನೂ ಕಡಿಮೆಯಾಗುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಆದರೆ ಮಗಳಿಗೆ ಇದನ್ನು ಬರಿಯ ‘ಉಡುಗೊರೆ ಹಬ್ಬ’ ಅಂತ ಹೇಳಬೇಡಿ. ಯೇಸು ಹುಟ್ಟಿದ ರಾತ್ರಿ, ಇದನ್ನು ನಂಬುವವರಿಗೆ ಅದು ದೊಡ್ಡದು, ಎಂದು ನೆಟ್ಟಗೆ ಹೇಳಿ. ಹಬ್ಬದ ಒಡೆಯ ಯಾರೆಂದು ಗೊತ್ತಿದ್ದು ಹೋಗುವುದೇ ಅತಿಥಿಯ ಮರ್ಯಾದೆ.

ಇಲ್ಲೊಂದು ಮಾತು, ಇದನ್ನು ಓದುವ ನಮ್ಮ ಕ್ರೈಸ್ತ ಬಂಧುಗಳಿಗೆ. ಊರಿಗೆ ಬಂದು ವಿಳಾಸ ನೋಂದಾಯಿಸುವಾಗ ಧರ್ಮದ ಕಲಮಿನಲ್ಲಿ ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಎಂದು ಬರೆದರೆ ಸಂಬಳದಿಂದ ಚರ್ಚ್ ತೆರಿಗೆ ಕಡಿಯುತ್ತಾರೆ. ನಿಮ್ಮ ರಾಜ್ಯವಾದ ಬಾಡೆನ್-ವ್ಯುರ್ಟೆಂಬರ್ಗ್ ಮತ್ತು ಪಕ್ಕದ ಬವೇರಿಯಾದಲ್ಲಿ ಆದಾಯ ತೆರಿಗೆಯ 8%, ಉಳಿದ ರಾಜ್ಯಗಳಲ್ಲಿ 9%. ಸಂಬಳದ ಮೇಲಲ್ಲ, ತೆರಿಗೆಯ ಮೇಲೆ. ಸುಮ್ಮನೆ ಆರಾಧನೆಗೆ ಹೋಗಿ ಬರುವವರಿಗೆ ಇದು ತಟ್ಟುವುದಿಲ್ಲ.

ಇನ್ನು ದಿನಸಿ. 24ಕ್ಕೆ ಅಂಗಡಿಗಳು ಹೆಚ್ಚೆಂದರೆ ಮಧ್ಯಾಹ್ನ 2ರವರೆಗೆ, 25 ಮತ್ತು 26 ಪೂರ್ತಿ ಬಂದ್. 2026ರ ಹಾಗೆ 24 ಗುರುವಾರ ಬಂದರೆ 27ರ ಭಾನುವಾರವೂ ಸೇರಿ ಮೂರು ದಿನ ಸತತವಾಗಿ ಬಾಗಿಲು. ಇಂಡಿಯನ್ ಅಂಗಡಿಗೂ ಅದೇ ಕಾನೂನು. ಕರಿಬೇವು, ಹಸಿಮೆಣಸಿನಕಾಯಿ ಹಿಂದಿನ ವಾರಾಂತ್ಯದಲ್ಲೇ ತಂದು ಫ್ರೀಜರಿಗೆ ಹಾಕಿ. ಹಾಲು, ಮೊಸರು, ಬ್ರೆಡ್, ಮಗುವಿನ ಜ್ವರದ ಔಷಧಿ 23ರ ಬೆಳಗ್ಗೆಯೇ ಮನೆಯಲ್ಲಿರಲಿ. 23ರ ಸಂಜೆ ಸರತಿ ವಿಪರೀತ. ಮರೆತರೆ ಪೆಟ್ರೋಲ್ ಬಂಕ್ ಮತ್ತು ದೊಡ್ಡ ರೈಲು ನಿಲ್ದಾಣದ ಅಂಗಡಿ ಗತಿ, ಬೆಲೆ ಜಾಸ್ತಿ. ಬಹಳ ಡಾಕ್ಟರುಗಳು ಹೊಸ ವರ್ಷದವರೆಗೆ ಕ್ಲಿನಿಕ್ ಮುಚ್ಚಿರುತ್ತಾರೆ. ಜೀವಕ್ಕೆ ಅಪಾಯವಿದ್ದರೆ 112, ಹಾಗಲ್ಲದೆ ಡಾಕ್ಟರನ್ನು ಕಾಣಲೇಬೇಕಿದ್ದರೆ 116117. ಔಷಧಿ ಅಂಗಡಿಗಳು ಸರದಿಯ ಮೇಲೆ ತೆರೆದಿರುತ್ತವೆ; ಯಾವುದು ಎಂಬ ಚೀಟಿ ಪ್ರತಿ ಔಷಧಿ ಅಂಗಡಿಯ ಬಾಗಿಲಿನ ಮೇಲಿರುತ್ತದೆ, ಹೊತ್ತಲ್ಲದ ಹೊತ್ತಿಗೆ 2.50 ಯೂರೋ ಹೆಚ್ಚುವರಿ. ರಜೆಯ ದಿನಗಳಲ್ಲಿ ಇಡೀ ದಿನ ಸದ್ದು ಮಾಡಬಾರದು. ಗೋಡೆಗೆ ಡ್ರಿಲ್ ಹಾಕುವುದು, ಗಾಜಿನ ಬಾಟಲಿಗಳನ್ನು ಬೀದಿಯ ಡಬ್ಬಕ್ಕೆ ಎಸೆಯುವುದು ಬೇಡ. ದೋಸೆ ಹಿಟ್ಟು ರುಬ್ಬುವುದಿದ್ದರೆ 24ರ ಬೆಳಗ್ಗೆಯೇ ರುಬ್ಬಿಬಿಡಿ. ಬಾಡಿಗೆ ಮನೆಯ ಮರದ ನೆಲ ನಮ್ಮ ಮಿಕ್ಸಿಯ ಸದ್ದನ್ನು ಕೆಳಮನೆಗೆ ನೇರ ಇಳಿಸುತ್ತದೆ.

ಮಗಳ ಪ್ರಶ್ನೆಗೆ ಬರೋಣ. ಬರುತ್ತಾನೆ, ನಿಮ್ಮ ಮನೆಗೂ ಬರುತ್ತಾನೆ. ನಿಕೊಲೌಸ್ ಈಗಿನ ಟರ್ಕಿಯಲ್ಲಿರುವ ಮೈರಾ ಎಂಬ ಊರಿನ 4ನೇ ಶತಮಾನದ ಬಿಷಪ್. ಅವನ ದಿನ ಡಿಸೆಂಬರ್ 6. 5ರ ರಾತ್ರಿ ಮಗು ತನ್ನ ಬೂಟನ್ನು ತಾನೇ ಒರೆಸಿ ಬಾಗಿಲ ಹೊರಗಿಡಬೇಕು. ಕೊಳಕು ಬೂಟಿಗೆ ಏನೂ ಸಿಗುವುದಿಲ್ಲವೆಂಬುದು ಆಟದ ನಿಯಮ. ಬೆಳಗಾಗುವುದರೊಳಗೆ ನೀವು ಅದರಲ್ಲಿ ಎರಡು ಕಿತ್ತಳೆ, ಒಂದು ಹಿಡಿ ಸಿಪ್ಪೆ ಸಮೇತ ಕಡಲೆಕಾಯಿ, ಒಂದು ಚಾಕೊಲೇಟ್ ನಿಕೊಲೌಸ್ ಹಾಕಿಡಿ. ಅಷ್ಟೇ, ದೊಡ್ಡ ಆಟಿಕೆ ಬೇಡ. ಅವತ್ತು ಶಾಲೆಯಲ್ಲಿ ಎಲ್ಲ ಮಕ್ಕಳೂ ಬೂಟಿನಲ್ಲಿ ಏನಿತ್ತು ಅಂತಲೇ ಮಾತಾಡುವುದು. ಅದಕ್ಕಾಗಿಯೇ ಇದನ್ನು ತಪ್ಪಿಸಬೇಡಿ ಎನ್ನುತ್ತೇನೆ.

24ಕ್ಕೆ ಬರುವವನು ಇವನಲ್ಲ. ಉತ್ತರ ಮತ್ತು ಪೂರ್ವ ಜರ್ಮನಿಯಲ್ಲಿ ಬಿಳಿಗಡ್ಡದ ವೈನಾಖ್ಟ್ಸ್‌ಮಾನ್ ಬರುತ್ತಾನೆ. ನಿಮ್ಮ ದಕ್ಷಿಣದಲ್ಲಿ ‘ಕ್ರಿಸ್ಟ್‌ಕಿಂಡ್’, ಅಂದರೆ ಬಾಲಯೇಸು, ಯಾರ ಕಣ್ಣಿಗೂ ಬೀಳದೆ ಬಂದು ಹೋಗುತ್ತದೆ. ಇಬ್ಬರನ್ನೂ ಬೆರೆಸಿ ಹೇಳಿದರೆ ಮಗು ಶಾಲೆಯಲ್ಲಿ ಗಲಿಬಿಲಿಗೊಳ್ಳುತ್ತದೆ. ಬಾಲಯೇಸುವಿಗೆ ಪತ್ರ ಬರೆಯುವುದು ಇಲ್ಲಿನ ಮಕ್ಕಳ ದೊಡ್ಡ ಸಂಭ್ರಮ: ವಿಳಾಸ ‘ಆನ್ ದಾಸ್ ಕ್ರಿಸ್ಟ್‌ಕಿಂಡ್, 97267 ಹಿಮ್ಮೆಲ್‌ಸ್ಟಾಟ್’. ಹಿಂಬದಿಯಲ್ಲಿ ನಿಮ್ಮ ವಿಳಾಸವನ್ನು ಬಿಡಿಸಿ ಬರೆದು ಡಿಸೆಂಬರಿನ ಮೊದಲ ವಾರದೊಳಗೆ ಹಾಕಿದರೆ ಉತ್ತರ ಬರುತ್ತದೆ. ವಿಳಾಸ ಮರೆತ ಪತ್ರಗಳಿಗಷ್ಟೇ ಉತ್ತರವಿಲ್ಲ.

ಮರ ಮಾಡಬೇಕೇ? ನನ್ನ ಅಭಿಪ್ರಾಯ, ಮೊದಲ ವರ್ಷ ಬೇಡ. ಅದಕ್ಕಿಂತ ಆಡ್‌ವೆಂಟ್ ಬಳೆ, ಅಂದರೆ ಮೇಣದ ಬತ್ತಿ ನೆಟ್ಟ ಹಸಿರು ಸೊಪ್ಪಿನ ಬಳೆ, ಚೆಂದ. ಆಡ್‌ವೆಂಟ್ ಅಂದರೆ ಲ್ಯಾಟಿನ್ನಿನಲ್ಲಿ ಬರುವಿಕೆ. ಹಬ್ಬಕ್ಕೆ ಮೊದಲಿನ ನಾಲ್ಕು ಭಾನುವಾರಗಳ ಕಾಯುವ ಕಾಲ. ಹ್ಯಾಂಬರ್ಗಿನ ದೇವಶಾಸ್ತ್ರಜ್ಞ ಯೋಹಾನ್ ಹಿನ್ರಿಶ್ ವಿಶೆರ್ನ್ 1839ರಲ್ಲಿ ತನ್ನ ಆಶ್ರಮದ ಬಡ ಮಕ್ಕಳು ಹಬ್ಬ ಯಾವಾಗ ಎಂದು ದಿನಾ ಕೇಳಿದ್ದಕ್ಕೆ ಹಳೆಯ ಗಾಡಿಚಕ್ರದ ಮೇಲೆ ಮೇಣದ ಬತ್ತಿ ಹಚ್ಚಿ ಎಣಿಸಿ ತೋರಿಸಿದ. ಅಲ್ಲಿಂದ ಇದು ಶುರು. ಈಗಿನದಕ್ಕೆ ನಾಲ್ಕೇ ಬತ್ತಿ, ಭಾನುವಾರಕ್ಕೊಂದು ಹೆಚ್ಚು. ಮೊದಲನೆಯದು ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ. ಅಪಾಯವಿರುವುದು ನಾಲ್ಕನೇ ವಾರದಲ್ಲಿ: ಹೀಟರಿನ ಬಿಸಿಗೆ ಸೊಪ್ಪು ಒಣಗಿ ಗರಿಗರಿಯಾಗಿರುತ್ತದೆ, ಮೊದಲ ಬತ್ತಿ ಬುಡಕ್ಕೆ ಬಂದಿರುತ್ತದೆ, ಒಂದು ಕಿಡಿಗೆ ಭಗ್ ಎನ್ನುತ್ತದೆ. ದೊಡ್ಡ ಸ್ಟೀಲ್ ತಟ್ಟೆಯ ಮೇಲಿಡಿ, ಎರಡು ದಿನಕ್ಕೊಮ್ಮೆ ಸೊಪ್ಪಿಗೆ ನೀರು ಚಿಮುಕಿಸಿ, ಬತ್ತಿ 2-3 ಸೆಂಟಿಮೀಟರ್ ಉಳಿದಾಗ ಬದಲಿಸಿ, ಕೋಣೆ ಬಿಟ್ಟು ಹೋಗುವಾಗ ಆರಿಸಿ. ನೆರೆಯವರ ಮರವನ್ನಂತೂ ಹೊಗಳಲೇಬೇಕು. ನಿಮ್ಮ ಸ್ಟುಟ್‌ಗಾರ್ಟಿನ ಸೀಮೆಯಾದ ಶ್ವಾಬಿಯಾದಲ್ಲಿ ಹಬ್ಬದ ನಂತರ ಮನೆಮನೆಗೆ ಹೋಗಿ ಮರ ಹೊಗಳುವ ಪದ್ಧತಿಗೆ ‘ಕ್ರಿಸ್ಟ್‌ಬೌಮ್‌ಲೋಬೆನ್’ ಎಂದೇ ಹೆಸರು. ಹೊಗಳಿದವರಿಗೆ ಒಂದು ಸಣ್ಣ ಗ್ಲಾಸು ಸಾರಾಯಿ ಕೊಡುತ್ತಾರೆ, ಬೇಡವಾದರೆ ರಸ ಕೇಳಿ.

ಆಫೀಸಿನ ವಿಹ್ಟೆಲ್ನ್ ಸುಲಭ. ಚೀಟಿಯಲ್ಲಿ ಬಂದವರಿಗೆ ಹೆಸರು ಹೇಳದೆ ಉಡುಗೊರೆ, ಸಾಮಾನ್ಯವಾಗಿ 5ರಿಂದ 10 ಯೂರೋ ಮಿತಿ. ಮಿತಿ ದಾಟಬೇಡಿ, ತೆಗೆದುಕೊಂಡವರಿಗೆ ಮುಜುಗರ. ಆಹ್ವಾನದಲ್ಲಿ ‘ಶ್ರೋಟ್‌ವಿಹ್ಟೆಲ್ನ್’ ಎಂದಿದ್ದರೆ ಮನೆಯ ಬೇಡದ ವಸ್ತು ತರಬೇಕು. ಅಲ್ಲಿ ಒಳ್ಳೆಯ ಉಡುಗೊರೆ ಇಟ್ಟರೆ ಆಟ ಕೆಡುತ್ತದೆ. ಹಬ್ಬದ ಸಂತೆಯಲ್ಲಿ ಬಿಸಿ ಕುಡಿಯುವ ಗ್ಲ್ಯೂವೈನ್ ಮದ್ಯ. ಮಕ್ಕಳಿಗೂ ಕುಡಿಯದವರಿಗೂ ಕಿಂಡರ್‌ಪುನ್ಶ್. ಲೋಟಕ್ಕೆ ಮುಂಗಡ ಹಿಡಿಯುತ್ತಾರೆ, ವಾಪಸು ಕೊಟ್ಟರೆ ಹಣ ಮರಳುತ್ತದೆ. ಸಂತೆಗೆ ಹೋಗುವುದಾದರೆ ಹತ್ತಿರದ ಎಸ್ಲಿಂಗೆನ್ನಿಗೆ ಹೋಗಿ, ಮಧ್ಯಕಾಲದ ಮಾದರಿಯಲ್ಲಿ ಕಟ್ಟುತ್ತಾರೆ. ಮಂಗಳೂರಿನಿಂದ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಆ ಊರಿನಲ್ಲೇ. ನಮ್ಮ ಅಕ್ಷರಕ್ಕೆ ದುಡಿದ ಮನುಷ್ಯನ ಊರೆಂದು ಒಮ್ಮೆ ನೆನೆದುಕೊಂಡು ಅಡ್ಡಾಡಿ.

ಸಸ್ಯಾಹಾರಿಗಳು ಮೋಸಹೋಗುವ ಜಾಗಗಳು ಕೆಲವು. ಶ್ವಾಬಿಯಾದ ಆಲೂಗಡ್ಡೆ ಸಲಾಡಿನಲ್ಲಿ ಮಯೊನೇಸ್ ಇರುವುದಿಲ್ಲ, ಅದನ್ನು ನೋಡಿ ನೆಮ್ಮದಿಯಾಗಬೇಡಿ. ಬಿಸಿ ಮಾಂಸದ ಸಾರು ಹೊಯ್ದಿರುತ್ತಾರೆ. ‘ಮಿಟ್ ಫ್ಲೈಶ್‌ಬ್ರ್ಯೂಎ?’ ಎಂದು ಕೇಳಿ. ಕೆಂಪು ಕೋಸಿನ ಪಲ್ಯವನ್ನು ಬಾತಿನ ಕೊಬ್ಬಿನಲ್ಲಿ ಮಾಡುವುದುಂಟು. ಶ್ಟೋಲನ್ ಬ್ರೆಡ್ಡಿನ ದ್ರಾಕ್ಷಿ ರಮ್ಮಿನಲ್ಲಿ ನೆನೆದದ್ದು. ಮೆತ್ತನೆಯ ಜೆಲ್ಲಿ ಮಿಠಾಯಿಗಳಲ್ಲಿ ಜೆಲಟಿನ್.

ಮೊಟ್ಟೆಯಿಲ್ಲದೆ ಸಲೀಸಾಗಿ ಆಗುವ ಹಬ್ಬದ ಬಿಸ್ಕತ್ತೆಂದರೆ ವನಿಲೆಕಿಪ್ಫೆರ್ಲ್, ಅರ್ಧಚಂದ್ರದ ಆಕಾರದ್ದು, ರುಚಿ ನಮ್ಮ ಬೇಕರಿಯ ನಾನ್‌ಖಟಾಯಿಯ ಅಕ್ಕ. ಇಲ್ಲಿನವರು ಇಂಥವನ್ನು ‘ಗುಟ್ಸ್‌ಲೆ’ ಎನ್ನುತ್ತಾರೆ, ಡಬ್ಬಿಗಟ್ಟಲೆ ಮಾಡಿ ಹಂಚುತ್ತಾರೆ. ನೆರೆಯವರಿಂದ ನಿಮಗೂ ಬಂದೇ ಬರುತ್ತದೆ. 250 ಗ್ರಾಂ 405 ನಂಬರಿನ ಮೈದಾ, 200 ಗ್ರಾಂ ತಣ್ಣನೆಯ ಉಪ್ಪಿಲ್ಲದ ಬೆಣ್ಣೆ, 100 ಗ್ರಾಂ ಬಾದಾಮಿ ಪುಡಿ, 80 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು. ಬೆರಳತುದಿಯಲ್ಲಿ ಬೇಗ ಬೇಗ ಕಲಸಿ ಮುದ್ದೆ ಮಾಡಿ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಬಿಸ್ಕತ್ತು ಗಟ್ಟಿ. ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, ಸ್ವಲ್ಪ ಸ್ವಲ್ಪವೇ ತೆಗೆದು ಕಿರುಬೆರಳ ದಪ್ಪ, 6 ಸೆಂಟಿಮೀಟರ್ ಉದ್ದ ಹೊಸೆದು ಬಾಗಿಸಿ. ಮೇಲೆ ಕೆಳಗೆ ಬಿಸಿಯಿರುವ ಒಲೆಯಲ್ಲಿ 175 ಡಿಗ್ರಿ, ಸುಮಾರು 12 ನಿಮಿಷ. ತುದಿ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ತೆಗೆಯಿರಿ. ಹರಡಿ ಚಪ್ಪಟೆಯಾದರೆ ಹಿಟ್ಟು ಬೆಚ್ಚಗಾಗಿತ್ತು ಎಂದರ್ಥ, ತಟ್ಟೆ ಸಮೇತ ಹತ್ತು ನಿಮಿಷ ತಣ್ಣಗೆ ಮಾಡಿ ಒಲೆಗಿಡಿ. ಬಿಸಿಯಲ್ಲಿ ಮುಟ್ಟಿದರೆ ಮುರಿಯುತ್ತವೆ. ಎರಡು ಮೂರು ನಿಮಿಷ ಬಿಟ್ಟು, ಇನ್ನೂ ಬೆಚ್ಚಗಿರುವಾಗಲೇ 50 ಗ್ರಾಂ ಸಕ್ಕರೆ ಪುಡಿಗೆ ಎರಡು ಪೊಟ್ಟಣ ವನಿಲ ಸಕ್ಕರೆ ಬೆರೆಸಿ ಉದುರಿಸಿ. ಪೂರ್ತಿ ಆರಿದ ಮೇಲೆ ಉದುರಿಸಿದರೆ ಅಂಟುವುದಿಲ್ಲ. ತಗಡಿನ ಡಬ್ಬಿಯಲ್ಲಿ ಮೂರು ದಿನ ಕೂತರೆ ರುಚಿ ಏರುತ್ತದೆ.

ಊರಿನಿಂದ ಪಾರ್ಸೆಲ್ ತರಿಸುವ ಆಸೆಯಿದ್ದರೆ: ಮನೆಯವರು ಕಳಿಸುವ ಉಡುಗೊರೆಗೆ 45 ಯೂರೋವರೆಗೆ ಸುಂಕವಿಲ್ಲ. ಆದರೆ ಹಾಲಿನ ಪದಾರ್ಥ ಯುರೋಪಿನೊಳಗೆ ಬರುವಂತಿಲ್ಲ. ಧಾರವಾಡ ಪೇಡ, ಬೆಳಗಾವಿ ಕುಂದಾ ಕಸ್ಟಮ್ಸಿನಲ್ಲೇ ನಿಂತುಹೋಗುತ್ತವೆ.

ಹಬ್ಬ 26ಕ್ಕೆ ಮುಗಿಯಿತೆಂದುಕೊಳ್ಳಬೇಡಿ. ಆ ಬಹುವಚನದ ರಾತ್ರಿಗಳು ಜನವರಿ 6ರವರೆಗೆ ಚಾಚುತ್ತವೆ. ನಮ್ಮ ಧನುರ್ಮಾಸವೂ ಅದೇ ಹೊತ್ತಿಗೆ ನಡೆಯುತ್ತಿರುತ್ತದೆ. ಬೆಳಗಿನ ಕತ್ತಲಲ್ಲಿ ಹುಗ್ಗಿ ಮಾಡಿ ನೈವೇದ್ಯ ಮಾಡುವವರಿಗೆ ಎಂಟು ಗಂಟೆಯ ಮೇಲೆ ಹುಟ್ಟುವ ಇಲ್ಲಿನ ಸೂರ್ಯ ಸಾಕಷ್ಟು ಸಮಯ ಕೊಡುತ್ತಾನೆ. ಜನವರಿ 6 ನಿಮ್ಮ ರಾಜ್ಯದಲ್ಲಿ ರಜೆ, ಅಂಗಡಿ ಬಂದ್. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ಅಲ್ಲ. ಆ ದಿನಗಳಲ್ಲಿ ಬಾಲಯೇಸುವನ್ನು ಕಾಣಲು ಬಂದ ರಾಜರ ವೇಷದ ಮಕ್ಕಳು ಬಾಗಿಲು ತಟ್ಟಿ ಹಾಡಿ, ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ವರ್ಷದ ಅಂಕಿ ಮತ್ತು ಸಿ, ಎಂ, ಬಿ ಎಂದು ಬರೆಯುತ್ತಾರೆ. ಕಾಸ್ಪರ್, ಮೆಲ್ಖಿಯೋರ್, ಬಾಲ್ಟಜಾರ್ ಎಂಬ ಮೂವರು ರಾಜರ ಹೆಸರೆಂದು ಜನ ಓದುತ್ತಾರೆ. ‘ಕ್ರಿಸ್ತನು ಈ ಮನೆಯನ್ನು ಹರಸಲಿ’ ಎಂಬ ಲ್ಯಾಟಿನ್ ವಾಕ್ಯದ ಮೊದಲಕ್ಷರಗಳೆಂದೂ ಓದುತ್ತಾರೆ. ಅವರು ಎತ್ತುವ ಹಣ ಬೇರೆ ದೇಶಗಳ ಬಡ ಮಕ್ಕಳಿಗೆ ಹೋಗುತ್ತದೆ. ಡಬ್ಬಿಗೆ ಐದು ಯೂರೋ ಹಾಕಿ. ಬರೆಸಿಕೊಳ್ಳುವುದು ಬೇಡವಾದರೆ ಹಾಗೆಂದು ಹೇಳಬಹುದು, ಯಾರೂ ಬೇಸರಿಸುವುದಿಲ್ಲ. ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುವ ನಮಗೆ ಬಾಗಿಲ ಮೇಲಿನ ಒಂದು ಹರಕೆ ಪರಕೀಯವಲ್ಲ ಎಂದೇ ನನ್ನ ಎಣಿಕೆ.

ಅಷ್ಟು ಹೊತ್ತಿಗೆ ನೆರೆಯವರ ಗುಟ್ಸ್‌ಲೆ ಡಬ್ಬಿ ನಿಮ್ಮ ಅಡುಗೆಮನೆಯಲ್ಲಿ ಖಾಲಿ ಕೂತಿರುತ್ತದೆ. ಖಾಲಿ ಹಿಂದಿರುಗಿಸಬೇಡಿ. ಸಂಕ್ರಾಂತಿಗೆ ಎಳ್ಳುಬೆಲ್ಲ ತುಂಬಿ ಕೊಡಿ. ಎಳ್ಳು, ಕಡಲೆಕಾಯಿ ಇಲ್ಲಿ ಹಲವರಿಗೆ ಅಲರ್ಜಿ, ಆದ್ದರಿಂದ ಒಂದು ಚೀಟಿಯಲ್ಲಿ ‘ಸೇಸಾಮ್, ಎರ್ಡ್‌ನುಸ್, ಕೊಕೊಸ್’ ಎಂದು ಜರ್ಮನ್ನಿನಲ್ಲಿ ಬರೆದು ಅಂಟಿಸಿ. ಸಕ್ಕರೆ ಅಚ್ಚು ಇಟ್ಟರೆ, ಅದನ್ನು ಕಚ್ಚಬಾರದು, ಚೂರು ಮಾಡಿ ಬಾಯಲ್ಲಿಟ್ಟುಕೊಂಡು ಕರಗಿಸಬೇಕು ಎಂಬುದನ್ನೂ ಅದೇ ಚೀಟಿಯಲ್ಲಿ ಸೇರಿಸಿ.